ಸಲ್ವಾ ರಸ್ತೆ ಮುಚ್ಚಿದ ವರ್ಷ ಶೆಟ್ರು ಆಡಿಸಿದ ನಾಟಕ

ಕಳೆದ ಚಳಿಗಾಲದಲ್ಲಿ ತಂಗಿಯ ಮಗಳ ಬಾಣಂತನಕ್ಕೆಂದು ಕತಾರಿನ ದೋಹಾಕ್ಕೆ ಹೋಗಿದ್ದೆ. ನಾವು ಆ ಊರು ಬಿಟ್ಟು ಬಂದು ಕೆಲವು ವರ್ಷಗಳಾಗಿದ್ದವು. ಅಲ್ ಹಿಲಾಲಿನ ಹಳೆಯ ಸೂಪರ್ ಮಾರ್ಕೆಟ್ಟಿಗೆ ಹಾಲು ತರಲು ಹೋದವಳು ಫ್ರಿಜ್ಜಿನ ಗಾಜಿನ ಬಾಗಿಲು ಎಳೆದೆ. ತಣ್ಣನೆ ಗಾಳಿಯೊಂದಿಗೆ ಮೊಸರಿನ, ಒದ್ದೆಯಾದ ರಟ್ಟಿನ ಪೆಟ್ಟಿಗೆಯ ವಾಸನೆ ಮುಖಕ್ಕೆ ಬಡಿಯಿತು. ಕೈಯಲ್ಲಿ ಲಬನ್ ಮಜ್ಜಿಗೆಯ ಬಾಟಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಹಿಂದೆ ನಿಂತಿದ್ದ ಹೆಂಗಸು ಎರಡು ಸಲ ಕೆಮ್ಮಿದ ಮೇಲೆ ಪಕ್ಕಕ್ಕೆ ಸರಿದೆ. ೨೦೧೭ನೇ ಇಸವಿ ನನ್ನೊಳಗೆ ಇನ್ನೂ ಆರಿಲ್ಲ ಎಂದು ಆಗ ಗೊತ್ತಾಯಿತು.

ಆ ವರ್ಷ ನಾವಿದ್ದದ್ದು ಅಲ್ ಹಿಲಾಲಿನಲ್ಲೇ. ನನ್ನ ಗಂಡ ದಿನೇಶ್ ಒಂದು ಕಂಟ್ರಾಕ್ಟ್ ಕಂಪೆನಿಯ ಆಫೀಸಿನಲ್ಲಿದ್ದರು. ನಾನು ಮನೆಯಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುತ್ತಿದ್ದೆ. ನಮ್ಮ ಕಡೆಯವರ ಯಾವ ಕಾರ್ಯಕ್ರಮವಿದ್ದರೂ ಪೆಟ್ಟಿಗೆ ಹೊತ್ತುಕೊಂಡು ನಾನು ಹೋಗಲೇಬೇಕಿತ್ತು. ಹಾಗೆ ಪರಿಚಯವಾದವರು ವಿಠಲ ಶೆಟ್ರು. ಉಡುಪಿ ಕಡೆಯವರು, ಅಂಗಡಿಗಳಿಗೆ ಬೋರ್ಡು ಮಾಡಿಕೊಡುವ ವರ್ಕ್‌ಶಾಪ್ ಅವರದ್ದು. ಪ್ರತಿ ವರ್ಷ ಒಂದು ಹಾಸ್ಯ ನಾಟಕ ಆಡಿಸುವುದು ಅವರ ಹುಚ್ಚು. ಹಾಲ್ ಹಿಡಿಯುವುದು, ಪರವಾನಗಿ ತರುವುದು, ಸೆಟ್ಟು ಕಟ್ಟುವುದು, ನಟರ ಜಗಳ ಬಿಡಿಸುವುದು, ಎಲ್ಲವೂ ಅವರದ್ದೇ. ತಾವು ಮಾತ್ರ ಎಂದೂ ಬಣ್ಣ ಹಚ್ಚಿದವರಲ್ಲ.

ಆ ನಾಟಕಗಳ ಜೀವ ಎಂದರೆ ಇಬ್ರಾಯಿಚ್ಚ. ಉಳ್ಳಾಲದ ಬ್ಯಾರಿ, ಹೆಸರು ಇಬ್ರಾಹಿಂ. ಸೌದಿಯ ಒಂದು ಹಾಲಿನ ಕಂಪೆನಿಯಲ್ಲಿ ಡ್ರೈವರ್. ವಾರಕ್ಕೊಮ್ಮೆ ಫ್ರಿಜ್ ಇರುವ ಟ್ರಕ್ಕಿನಲ್ಲಿ ಹಾಲು, ಮೊಸರು ತುಂಬಿಕೊಂಡು ಸಲ್ವಾ ಗಡಿ ದಾಟಿ ದೋಹಾಕ್ಕೆ ಬರುತ್ತಿದ್ದರು. ಶುಕ್ರವಾರ ಇಲ್ಲಿ, ಶನಿವಾರ ವಾಪಸ್. ಹೊಟ್ಟೆ ಇದ್ದ, ಮೀಸೆ ಬಿಟ್ಟ ಆ ಮನುಷ್ಯ ಸೀರೆ ಉಟ್ಟು ಬಾಯಿ ತೆರೆದರೆ ಸಾಕು, ಬರುವ ಸ್ವರ ಹೆಂಗಸಿನದೇ. ಕೀರಲು ಮಾಡಿ ತಮಾಷೆಗೆ ಹೊರಡಿಸಿದ ಸ್ವರವಲ್ಲ ಅದು. ಎದೆಯಿಂದ ಬಂದ, ಸ್ವಲ್ಪ ಒಡಕಾದ, ನಮ್ಮ ಅತ್ತೆಯೋ ಅಕ್ಕನೋ ಪಕ್ಕದ ಕೋಣೆಯಲ್ಲಿ ಮಾತಾಡಿದಂಥ ಸ್ವರ. ಆ ಸ್ವರವೂ ಆ ಮೀಸೆಯೂ ಒಟ್ಟಿಗೆ ಕಂಡಾಗ ಜನ ಕುರ್ಚಿಯಿಂದ ಬೀಳುವಷ್ಟು ನಗುತ್ತಿದ್ದರು.

ಹಿಂದಿನ ಚಳಿಗಾಲದಲ್ಲಿ ಇಲ್ಲಿಯ ಇಂಗ್ಲಿಷರ ಹವ್ಯಾಸಿ ತಂಡವೊಂದು ಲಂಡನ್ನಿನ ಒಂದು ಹಳೆಯ ಸಂಗೀತ ಹಾಸ್ಯನಾಟಕ ಆಡಿತ್ತು. ಅದಕ್ಕೆ ಅಂಗಡಿ ಬೀದಿಯ ಸೆಟ್ಟು ಮಾಡಿಕೊಟ್ಟವರು ಶೆಟ್ರು. ಬೋರ್ಡು ನಿಲ್ಲಿಸಲು ಹೋದವರು ಕೊನೆಯ ತನಕ ಕೂತು ನೋಡಿ ಬಂದರು. ಆಮೇಲೆ ಆ ತಂಡದ ಮುದುಕರೊಬ್ಬರನ್ನು ಹಿಡಿದುಕೊಂಡು ಅದರ ಕಥೆಯನ್ನೆಲ್ಲ ಕೇಳಿ ತಿಳಿದುಕೊಂಡರು. ಫೆಬ್ರವರಿಯ ಒಂದು ಶುಕ್ರವಾರ ಅಬು ಹಮೂರಿನ ತಮ್ಮ ವಿಲ್ಲಾದಲ್ಲಿ ನಮ್ಮನ್ನೆಲ್ಲ ಕೂರಿಸಿ ಆ ಕಥೆ ಹೇಳಿದರು.

"ವಿಕ್ಟೋರಿಯಾ ರಾಣಿಯ ಕಡೇ ಕಾಲ. ಲಂಡನ್ನಿನಲ್ಲಿ ಒಬ್ಬ ನಿರ್ಮಾಪಕ ಇದ್ದ. ಅವನ ಥಿಯೇಟರಿನಲ್ಲಿ ಎಂತ ನಡೀತಿತ್ತು ಗೊತ್ತುಂಟಾ? ನಮ್ಮ ಹಾಗೆಯೇ. ಹಳೇ ಪುರಾಣ ಕಥೆ ತಗೊಳ್ಳೋದು, ಅಣಕ ಮಾಡೋದು, ಹೆಂಗಸರಿಗೆ ಗಂಡು ವೇಷ, ಗಂಡಸರಿಗೆ ಹೆಣ್ಣು ವೇಷ, ನಗಿಸೋದು. ಜನ ಬರ್ತಾ ಇದ್ದರು. ಆದರೂ ಅವನಿಗೆ ಅನ್ನಿಸಿತು, ಇದು ಸಾಯ್ತದೆ ಅಂತ. ಎಲ್ಲಾ ತೆಗೆದು ಬಿಸಾಡಿದ. ಇವತ್ತಿನ ಅಂಗಡಿ, ಇವತ್ತಿನ ಬಟ್ಟೆ, ಅಂಗಡಿಯಲ್ಲಿ ಸಾಮಾನು ಮಾರುವ ಹುಡುಗಿಯೇ ನಾಯಕಿ. ಅವಳು ಹಾಡ್ತಾಳೆ, ಕುಣೀತಾಳೆ, ಗೆಲ್ತಾಳೆ. ದೊಡ್ಡ ದೊಡ್ಡ ಮನೆಯವರು ಟಿಕೇಟಿಗೆ ಕ್ಯೂ ನಿಂತರು. ನಾಯಕಿ ಹಾಕಿದ ಅಂಗಿ ನೋಡಿ ಊರಿನ ದರ್ಜಿಗಳು ಅಂಥದ್ದೇ ಹೊಲಿದರು. ಅಲ್ಲಿಂದ ಆ ನಾಟಕ ಅಮೆರಿಕಾಕ್ಕೂ ಹೋಯ್ತು, ಇಂಡಿಯಾಕ್ಕೂ ಬಂತು."

"ಈಗ ನಾವು ಎಂತ ಮಾಡುದು ಶೆಟ್ರೇ?" ಎಂದು ಇಬ್ರಾಯಿಚ್ಚ ನಗುತ್ತಾ ಕೇಳಿದರು.

"ನಾವೂ ಅದೇ ಮಾಡುದು. ಒಂದು ದೊಡ್ಡ ಸೂಪರ್ ಮಾರ್ಕೆಟ್, ಅಲ್ಲಿ ಕ್ಯಾಶ್ ಕೌಂಟರಿನ ಹುಡುಗಿ. ಈ ವರ್ಷ ಸೀರೆ ಉಟ್ಟ ಗಂಡಸು ಬೇಡ. ಹೆಣ್ಣಿನ ಪಾತ್ರಕ್ಕೆ ಹೆಣ್ಣೇ."

 ಎಲ್ಲರೂ ಇಬ್ರಾಯಿಚ್ಚನ ಮುಖ ನೋಡದಿರಲು ಪ್ರಯತ್ನಿಸುತ್ತಿದ್ದರು.  ಆ ಮನುಷ್ಯ ವಾರವಾರವೂ ಹಾಲು ಇಳಿಸಿ ಸೀದಾ ಶೆಟ್ರ ವಿಲ್ಲಾಕ್ಕೆ ಬರುತ್ತಿದ್ದದ್ದೇ ಆ ಪಾತ್ರಗಳಿಗಾಗಿ. ಇಬ್ರಾಯಿಚ್ಚ ಮಾತ್ರ ಚಹಾದ ಲೋಟ ಕೆಳಗಿಟ್ಟು, "ಒಳ್ಳೇದೇ. ನನಗೂ ಹೊಟ್ಟೆ ಬಂದಿದೆ, ಸೀರೆ ನಿಲ್ಲುದಿಲ್ಲ" ಎಂದರು. ನಾವು ನಕ್ಕೆವು. ಅವರಿಗೆ ಅಂಗಡಿಯ ಮ್ಯಾನೇಜರ್ ಪಾತ್ರ ಎಂದು ಶೆಟ್ರು ಹೇಳಿದರು. ದೊಡ್ಡ ಪಾತ್ರ, ತುಂಬಾ ಹಾಡುಗಳೂ ಇದ್ದವು.

ನಾಯಕಿಯಾಗಿ ಬಂದವಳು ಪ್ರೆಸಿಲ್ಲಾ. ಮೂಡುಬಿದಿರೆ ಕಡೆಯ ಕೊಂಕಣಿ ಹುಡುಗಿ. ನಿಜವಾಗಿಯೂ ಸೂಪರ್ ಮಾರ್ಕೆಟ್ಟಿನ ಕ್ಯಾಶ್ ಕೌಂಟರಿನಲ್ಲೇ ಕೆಲಸ ಮಾಡುತ್ತಿದ್ದಳು. ನಾನು ವಾರಕ್ಕೆರಡು ಸಲ ಅವಳ ಮುಂದೆ ಸಾಮಾನಿನ ಬುಟ್ಟಿ ಇಡುತ್ತಿದ್ದೆ. ಅವಳು ಚರ್ಚಿನಲ್ಲಿ ಹಾಡುತ್ತಾಳೆಂದು ಯಾರೋ ಹೇಳಿದ್ದರಿಂದ ಶೆಟ್ರು ಹುಡುಕಿಕೊಂಡು ಹೋಗಿ ಕೇಳಿದರು. ಶುಕ್ರವಾರ ಅಬು ಹಮೂರಿನ ಚರ್ಚಿನಲ್ಲಿ ಪೂಜೆ ಮುಗಿಸಿ ಸೀದಾ ಶೆಟ್ರ ವಿಲ್ಲಾಕ್ಕೆ ಬರುತ್ತಿದ್ದಳು. ಕನ್ನಡ ಓದಲು ತಡವರಿಸುತ್ತಿದ್ದಳು. ಆದರೆ ಒಂದು ಸಲ ಬಾರಿಸಿದ ರಾಗವನ್ನು ಎರಡನೇ ಸಲ ಬಾರಿಸುವ ಅಗತ್ಯವೇ ಇರುತ್ತಿರಲಿಲ್ಲ.

ನಮ್ಮ ಹೆಂಗಸರ ನಡುವೆ ಗುಸುಗುಸು ಶುರುವಾಯಿತು. ಕೌಂಟರಿನ ಹುಡುಗಿ ಸ್ಟೇಜಿನಲ್ಲಿ ಕುಣಿಯುವುದೇ? ನಮ್ಮ ಮಕ್ಕಳೂ ಅವಳ ಹಿಂದೆ ಕುಣಿಯಬೇಕೇ? ಮದೀನತ್ ಖಲೀಫಾ ಬಡಾವಣೆಯ ಇಬ್ಬರು ತಾಯಂದಿರು ಮಕ್ಕಳನ್ನು ಬಿಡಿಸಿಕೊಂಡರು. ಅವರ ಜಾಗಕ್ಕೆ ಇಬ್ಬರು ನರ್ಸುಗಳು ಬಂದರು. ನಾನು ಹತ್ತು ಜನ ಹೆಂಗಸರ ದನಿಯನ್ನು ಒಂದೇ ಶ್ರುತಿಗೆ ತರಲು ಒದ್ದಾಡುತ್ತಿದ್ದೆ. ಶೆಟ್ರು ಮೂಲೆಯಲ್ಲಿ ಕೂತು ಮುಖವರಳಿಸಿ ಕೇಳುತ್ತಿದ್ದರು.

ಇಬ್ರಾಯಿಚ್ಚ ಬರುತ್ತಿದ್ದರು, ಮ್ಯಾನೇಜರ್ ಮಾತು ಹೇಳುತ್ತಿದ್ದರು. ಆದರೆ ಆ ಮಾತಿನಲ್ಲಿ ಅವರಿರಲಿಲ್ಲ. ರಂಜಾನ್ ಶುರುವಾಗುವ ಮುಂಚಿನ ಶುಕ್ರವಾರ ಪ್ರೆಸಿಲ್ಲಾ ಒಂದು ದೃಶ್ಯದಲ್ಲಿ ಮಾತು ಮರೆತಳು. ಇಬ್ರಾಯಿಚ್ಚ ತಡೆಯಲಾರದೆ ತಮ್ಮ ಹೆಣ್ಣು ಸ್ವರದಲ್ಲಿ ಅವಳ ಮಾತನ್ನು ತಾವೇ ಹೇಳಿಬಿಟ್ಟರು. ಎಲ್ಲರೂ ಹೋ ಎಂದು ನಕ್ಕರು. ಪ್ರೆಸಿಲ್ಲಾ ಕೂಡ ಚಪ್ಪಾಳೆ ತಟ್ಟಿದಳು. ಶೆಟ್ರಿಗೆ ಎಲ್ಲಿತ್ತೋ ಆ ಸಿಟ್ಟು.

"ನಿನಗೆ ಎಷ್ಟು ಸಲ ಹೇಳುದು ಇಬ್ರಾಯಿ? ಆ ಸ್ವರದ ಕಾಲ ಹೋಯ್ತು. ಅದನ್ನು ಕೇಳಿ ನಗುವವರೂ ಮುದುಕರಾದರು. ಖಲಾಸ್. ಮನುಷ್ಯನ ಹಾಗೆ ಮಾತಾಡಲಿಕ್ಕೆ ಆಗುದಾದರೆ ಮಾಡು, ಇಲ್ಲದಿದ್ದರೆ ಬಿಡು."

ಇಬ್ರಾಯಿಚ್ಚ ಕೆಂಪಾದರು. "ಬಿಡ್ತೇನೆ ಶೆಟ್ರೇ. ನಿಮ್ಮ ಲಂಡನ್ ನಾಟಕಕ್ಕೆ ನನ್ನಂಥವ ಎಂತಕ್ಕೆ?" ಎಂದು ಹೇಳಿ ಚಪ್ಪಲಿ ಮೆಟ್ಟಿ ಹೋದರು. ಪ್ರೆಸಿಲ್ಲಾ ಗೇಟಿನ ತನಕ ಓಡಿದಳು. ಅವರು ತಿರುಗಿ ನೋಡಲಿಲ್ಲ. ಶೆಟ್ರು, "ಮುಂದಿನ ವಾರ ಬರ್ತಾನೆ, ನನಗೆ ಗೊತ್ತಿಲ್ವಾ ಅವನು" ಎಂದರು. ಮುಂದಿನ ವಾರ ರಂಜಾನಿನಿಂದಾಗಿ ರಿಹರ್ಸಲ್ ಇರಲಿಲ್ಲ. ಅದರ ಮುಂದಿನ ಸೋಮವಾರ ಬೆಳಿಗ್ಗೆ ನಾವು ಎದ್ದಾಗ ಗಡಿ ದಾಟುವ ದಾರಿಯೇ ಇರಲಿಲ್ಲ.

ಅದನ್ನು ಹೇಗೆ ಹೇಳಲಿ? ನೆರೆಯ ದೇಶಗಳು ಕತಾರಿನೊಂದಿಗೆ ಸಂಬಂಧ ಕಡಿದುಕೊಂಡಿವೆ, ಭೂಮಿ, ಸಮುದ್ರ, ಆಕಾಶ ಎಲ್ಲ ದಾರಿಯೂ ಬಂದ್ ಎಂದು ದಿನೇಶ್ ಫೋನಿನಲ್ಲಿ ಓದಿ ಹೇಳಿದಾಗ ನನಗೆ ಅರ್ಥವೇ ಆಗಲಿಲ್ಲ. ಕಿಟಕಿಯಾಚೆ ಎಂದಿನ ಬಿಸಿಲು, ಎಂದಿನ ಕಾರುಗಳು. ಹಾಲು ಮುಗಿದಿತ್ತು ಎಂದು ಸೂಪರ್ ಮಾರ್ಕೆಟ್ಟಿಗೆ ಹೋದೆ. ಬಾಗಿಲಲ್ಲೇ ಕಾಲು ನಿಂತಿತು. ಉಪವಾಸದ ಹೊತ್ತಿನಲ್ಲಿ ಅಂಥ ಜನವನ್ನು ನಾನು ಕಂಡದ್ದೇ ಇಲ್ಲ. ಗಾಡಿಯ ಮೇಲೆ ಗಾಡಿ, ಅಕ್ಕಿ ಚೀಲ, ಕೋಳಿ, ನೀರಿನ ಬಾಟಲಿ. ಹಾಲಿನ ಫ್ರಿಜ್ಜುಗಳು ಖಾಲಿ. ಬಿಳಿ ದೀಪ ಮಾತ್ರ ಉರಿಯುತ್ತಿತ್ತು. ಒಂದು ಒಡೆದ ಮೊಸರಿನ ಡಬ್ಬ ಕೆಳಗೆ ಬಿದ್ದು ಅದರ ಮೇಲೆ ಜನ ನಡೆದಾಡಿದ್ದರು. ಎಲ್ಲ ಮುಗಿದ ಮೇಲೂ ಒಬ್ಬ ಮುದುಕ ಆ ಖಾಲಿ ಫ್ರಿಜ್ಜಿನ ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದ.

ಕೌಂಟರಿನಲ್ಲಿ ಪ್ರೆಸಿಲ್ಲಾಳ ಮುಖ ಬಿಳಿಚಿಕೊಂಡಿತ್ತು. ನಮ್ಮ ನಾಟಕದ ಮೊದಲ ಹಾಡೇ ತುಂಬಿದ ಅಂಗಡಿಯ ಬಗ್ಗೆ. ಅದನ್ನು ಅವಳಿಗೆ ಕಲಿಸಿದವಳು ನಾನು.

"ಟೀಚರ್, ಇಬ್ರಾಯಿಚ್ಚ ಇವತ್ತು ಬರುವ ದಿನ ಅಲ್ವಾ?" ಎಂದಳು. ಕೈ ಮಾತ್ರ ನಿಲ್ಲದೆ ಸಾಮಾನು ಸ್ಕ್ಯಾನ್ ಮಾಡುತ್ತಿತ್ತು. "ಈದ್‌ಗೆ ಹೆಚ್ಚು ಲೋಡ್ ಉಂಟು, ಸೋಮವಾರವೂ ಬರ್ತೇನೆ ಅಂದಿದ್ದರು. ಅವರ ಟ್ರಕ್ಕು ಎಲ್ಲಿರ್ಬಹುದು?"

ನನಗೆ ಅದು ಹೊಳೆದೇ ಇರಲಿಲ್ಲ. ಫ್ರಿಜ್ಜಿನಲ್ಲಿ ಇರಬೇಕಾದ ಹಾಲು ರಸ್ತೆಯ ಮೇಲೆ ಎಲ್ಲೋ ನಿಂತಿದೆ, ಅದರ ಜೊತೆ ಒಬ್ಬ ಮನುಷ್ಯ ನಿಂತಿದ್ದಾನೆ.

ಶೆಟ್ರಿಗೆ ಅದಾಗಲೇ ಹೊಳೆದಿತ್ತು. ಬೆಳಗ್ಗಿನಿಂದ ಇಬ್ರಾಯಿಚ್ಚನಿಗೆ ಫೋನ್ ಮಾಡುತ್ತಿದ್ದರು, ಸ್ವಿಚ್ ಆಫ್. ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಶೇವ್ ಮಾಡಿರಲಿಲ್ಲ. "ದಿನೇಶ, ಒಮ್ಮೆ ಗಡಿ ತನಕ ಹೋಗಿ ಬರುವನಾ? ನನಗೆ ಡ್ರೈವ್ ಮಾಡ್ಲಿಕ್ಕೆ ಧೈರ್ಯ ಇಲ್ಲ." ಹೋಗಿ ಮಾಡುವುದೇನು ಎಂದು ದಿನೇಶ್ ಕೇಳಲಿಲ್ಲ. ನಾನೂ ಹಿಂದಿನ ಸೀಟಿನಲ್ಲಿ ಕೂತೆ.

ಸಲ್ವಾ ರಸ್ತೆಯಲ್ಲಿ ಆ ಮೊದಲು ಟ್ರಕ್ಕುಗಳ ಕಾಟಕ್ಕೆ ಬೈಯದೆ ಹೋದದ್ದಿಲ್ಲ. ಆ ದಿನ ರಸ್ತೆ ನುಣ್ಣಗೆ ಬಿದ್ದುಕೊಂಡಿತ್ತು. ಎರಡೂ ಬದಿ ಮರಳು, ಮೇಲೆ ಕಣ್ಣು ಕುಕ್ಕುವ ಆಕಾಶ. ಗಡಿಯ ಹತ್ತಿರ ಒಬ್ಬ ಪೋಲೀಸ್ ಕಾರು ನಿಲ್ಲಿಸಿದ. ಒಳ್ಳೆಯ ಹುಡುಗ, ಸಿಟ್ಟು ಮಾಡಲಿಲ್ಲ. ಕೈಯನ್ನು ಎರಡು ಸಲ ಅಡ್ಡಕ್ಕೆ ಆಡಿಸಿ, "ಮಾಫಿ. ಖಲಾಸ್" ಎಂದ, ದಾರಿ ಇಲ್ಲ, ಮುಗಿಯಿತು ಎಂದು. ಶೆಟ್ರು ಕಾರಿನಿಂದ ಇಳಿದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಬಿಸಿಲ ಝಳದಲ್ಲಿ ಅಲುಗುವ ಒಂದು ಚಾವಣಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆ ಚಾವಣಿಯ ಆಚೆ ಎಲ್ಲೋ ಇಬ್ರಾಯಿಚ್ಚ. ಶೆಟ್ರು ಎಷ್ಟು ಹೊತ್ತು ನಿಂತರೆಂದರೆ ಆ ಪೋಲೀಸನೇ ಬಂದು ಅವರ ಭುಜ ಹಿಡಿದು ಕಾರಿನೊಳಗೆ ಕೂರಿಸಿದ. ವಾಪಸು ಬರುವಾಗ ಅವರು ಆಡಿದ ಮಾತು ಒಂದೇ: "ಮನುಷ್ಯನ ಹಾಗೆ ಮಾತಾಡು ಅಂತ ಅಂದೆನಲ್ಲ ನಾನು."

ಮೂರನೇ ದಿನ ಇಬ್ರಾಯಿಚ್ಚನ ಫೋನ್ ಬಂತು. ಶೆಟ್ರಿಗಲ್ಲ, ಪ್ರೆಸಿಲ್ಲಾಳಿಗೆ. ಹಿಂದೆ ಕಳುಹಿಸಿದರು, ಸೌದಿಯಲ್ಲಿ ಕಂಪೆನಿಯ ಕ್ಯಾಂಪಿನಲ್ಲಿದ್ದೇನೆ, ಬದುಕಿದ್ದೇನೆಂದು ಶೆಟ್ರಿಗೆ ಹೇಳು ಎಂದಷ್ಟೇ ಹೇಳಿ ಇಟ್ಟರಂತೆ. ಪ್ರೆಸಿಲ್ಲಾ ಆಮೇಲೆ ಮಾಡಿದ ಕರೆಗಳನ್ನು ಎತ್ತಲಿಲ್ಲ. ಕತಾರಿನ ದಾರಿಯೇ ಇಲ್ಲದ ಮೇಲೆ ಆ ದಾರಿಯ ಡ್ರೈವರುಗಳಿಗೂ ಕೆಲಸವಿರಲಿಲ್ಲ. ಆಗಸ್ಟಿನ ಹೊತ್ತಿಗೆ ಅವರು ಊರಿಗೆ ಹೋದರೆಂಬ ಸುದ್ದಿ ಬಂತು.

ದೋಹಾ ಬೇಗ ಸುಧಾರಿಸಿಕೊಂಡಿತು. ಟರ್ಕಿಯ ಅಕ್ಷರವಿದ್ದ ಹಾಲಿನ ಡಬ್ಬಗಳು ಬಂದವು. ಆಮೇಲೆ ವಿಮಾನದಲ್ಲಿ ದನಗಳೇ ಬಂದವು! ಪೇಪರಿನಲ್ಲಿ ಆ ಸುದ್ದಿ ಓದಿ ನಾನು ಬಾಯಿ ತೆರೆದುಕೊಂಡು ಕೂತಿದ್ದೆ. ಈದ್ ಹೊತ್ತಿಗೆ ಆಡಬೇಕಿದ್ದ ನಾಟಕವನ್ನು ಶೆಟ್ರು ನವೆಂಬರಿಗೆ ಮುಂದೂಡಿದ್ದರು. ನಿಂತೇ ಹೋಗುತ್ತದೆ ಎಂದುಕೊಂಡಿದ್ದೆ. ಆದರೆ ಒಂದು ದಿನ ಫೋನ್ ಮಾಡಿ, "ಟೀಚರೇ, ದನದ ಮೇಲೆ ಒಂದು ಹಾಡು ಬೇಕು. ಆ ಲಂಡನ್ನಿನವನು ಇದ್ದಿದ್ದರೆ ಇಷ್ಟು ಹೊತ್ತಿಗೆ ಆಡಿಸಿ ಆಗ್ತಿತ್ತು" ಎಂದರು. ಇಬ್ಬರೂ ಕೂತು ಕಟ್ಟಿದೆವು:

"ವಿಮಾನದಲ್ಲಿ ಬಂತಪ್ಪ ದನ, ಕಿಟಕಿ ಸೀಟೇ ಬೇಕಂತೆ,
ಗಗನಸಖಿ ಹುಲ್ಲು ಕೊಟ್ಟರೆ ಉಪ್ಪು ಕಡಿಮೆ ಅಂತಂತೆ!"

ಮ್ಯಾನೇಜರ್ ಪಾತ್ರಕ್ಕೆ ಯಾರನ್ನು ಹಾಕುವುದೆಂದು ಕೇಳಿದರೆ ಶೆಟ್ರು ಬೇರೆ ಮಾತು ತೆಗೆಯುತ್ತಿದ್ದರು. ಕೊನೆಗೆ ತಾವೇ ಮಾಡುತ್ತೇನೆ ಎಂದರು. ಆ ವಯಸ್ಸಿನಲ್ಲಿ ಮೊದಲ ಸಲ ಬಣ್ಣ. ಅವರ ಶ್ರುತಿ ಎಲ್ಲೆಲ್ಲೋ ಹೋಗುತ್ತಿತ್ತು. ನಾನು ಪೆಟ್ಟಿಗೆಯಲ್ಲಿ ಅವರ ಹಿಂದೆ ಓಡುತ್ತಿದ್ದೆ.

ನಾಟಕ ಒಂದು ಶುಕ್ರವಾರ ಮಧ್ಯಾಹ್ನದ ಮೇಲೆ, ಇಂಡಿಯನ್ ಶಾಲೆಯೊಂದರ ಸಭಾಂಗಣದಲ್ಲಿ. ಅದು ಹೇಗೆ ಗೆದ್ದಿತು ಎಂದು ಈಗಲೂ ಅಲ್ಲಿಯ ನಮ್ಮವರು ಹೇಳುತ್ತಾರೆ. ಜನ ಗೋಡೆಗೊರಗಿ ನಿಂತು ನೋಡಿದರು. ಖಾಲಿ ಫ್ರಿಜ್ಜು ನೋಡಿ ಹೆದರಿದ್ದ ಜನರೇ ಖಾಲಿ ಫ್ರಿಜ್ಜಿನ ದೃಶ್ಯಕ್ಕೆ ಕಣ್ಣೊರೆಸಿಕೊಂಡು ನಕ್ಕರು. ದನದ ಹಾಡನ್ನು ಮೂರು ಸಲ ಹಾಡಿಸಿದರು. ಪ್ರೆಸಿಲ್ಲಾ ಹಾಕಿದ್ದ ಬಿಳಿ ಕಾಲರಿನ ಹಳದಿ ಕುರ್ತಾವನ್ನು ಅದರ ಮುಂದಿನ ತಿಂಗಳು ನಾನು ಎಷ್ಟು ಜನರ ಮೈಮೇಲೆ ನೋಡಿದೆನೋ. ಮಗಳನ್ನು ಬಿಡಿಸಿಕೊಂಡಿದ್ದ ಮದೀನತ್ ಖಲೀಫಾದ ತಾಯಿಯೊಬ್ಬಳು ಅಂಥದ್ದೇ ಹೊಲಿಸಿಕೊಂಡು ಹೊಸ ವರ್ಷದ ಕೂಟಕ್ಕೆ ಬಂದಿದ್ದಳು. ಮಲಯಾಳಿಗಳೂ ಕೊಂಕಣಿಯವರೂ ಮರುವರ್ಷ ಇಂಥದ್ದೇ ನಾಟಕಗಳನ್ನು ಆಡಿದರು. ಸೀರೆ ಉಟ್ಟ ಗಂಡಸಿನ ನಾಟಕ ದೋಹಾದಲ್ಲಿ ಅಲ್ಲಿಗೆ ನಿಂತಿತು. ಶೆಟ್ರು ಇನ್ನೂ ಎರಡು ಸಂಗೀತ ನಾಟಕ ಆಡಿಸಿ, ವರ್ಕ್‌ಶಾಪ್ ಅಳಿಯನಿಗೆ ಒಪ್ಪಿಸಿ ಊರಿಗೆ ಹೋದರು. ಪ್ರೆಸಿಲ್ಲಾ ಮದುವೆಯಾಗಿ ನ್ಯೂಜಿಲೆಂಡಿನಲ್ಲಿದ್ದಾಳೆ.

ಆದರೆ ಆ ಮಧ್ಯಾಹ್ನ ನಡೆದದ್ದು ಇಷ್ಟೇ ಅಲ್ಲ.

ಎರಡನೇ ಅಂಕದಲ್ಲಿ ಮ್ಯಾನೇಜರ್ ಶೆಟ್ರು ನಾಯಕಿಯನ್ನು ಬೈಯುತ್ತಾ ಮುಂದೆ ಬಂದವರು ಗಕ್ಕನೆ ನಿಂತರು. ಬಾಯಿ ತೆರೆದೇ ಇತ್ತು, ಮಾತಿಲ್ಲ. ಮಾತು ಮರೆತರೆಂದು ನಾನು ಹಾಡಿನ ಮೊದಲ ಸಾಲು ಬಾರಿಸಿದೆ. ಇನ್ನೊಮ್ಮೆ ಬಾರಿಸಿದೆ. ಅವರ ಕಣ್ಣು ಹೋದ ಕಡೆ ನೋಡಿದೆ. ಮೂರನೇ ಸಾಲಿನ ಬದಿಯ ಕುರ್ಚಿಯಲ್ಲಿ ಬಿಳಿ ಅಂಗಿ ಹಾಕಿಕೊಂಡು ಇಬ್ರಾಯಿಚ್ಚ ಕೂತಿದ್ದರು. ಗುರುತು ಸಿಗದಷ್ಟು ಇಳಿದುಹೋಗಿದ್ದರು. ಹೊಟ್ಟೆಯೂ ಇರಲಿಲ್ಲ, ಮೀಸೆಯೂ ಇರಲಿಲ್ಲ.

ಪ್ರೆಸಿಲ್ಲಾ ಜಾಣೆ. "ಮ್ಯಾನೇಜರ್ ಸಾಹೇಬರಿಗೆ ಬೈಗುಳ ಸ್ಟಾಕ್ ಮುಗಿದಿದೆ" ಎಂದಳು. ಜನ ನಕ್ಕರು, ನಾಟಕ ಮುಂದೆ ಹೋಯಿತು.

ಮುಗಿದ ಮೇಲೆ ಶೆಟ್ರು ಬಣ್ಣದ ಮುಖದಲ್ಲೇ ಮೈಕ್ ಹಿಡಿದು ಇಬ್ರಾಯಿಚ್ಚನನ್ನು ಮೇಲೆ ಕರೆದರು. ಆ ಆಗಸ್ಟಿನಿಂದ ನಮ್ಮ ದೇಶದವರು ಮೊದಲೇ ವೀಸಾ ಮಾಡಿಸದೆಯೂ ಬರಬಹುದಿತ್ತು. ಹಾಗೆ ಮಂಗಳೂರಿನಿಂದ ಯಾರಿಗೂ ಹೇಳದೆ ಬಂದಿದ್ದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಇಬ್ರಾಯಿಚ್ಚಾ, ಒಂದು ಹೆಣ್ಣು ಸ್ವರ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಹಾಲ್ ಅದನ್ನೇ ಕೂಗತೊಡಗಿತು. ಇಬ್ರಾಯಿಚ್ಚ ಬೇಡ ಎಂದು ತಲೆಯಾಡಿಸಿದರು.

ಶೆಟ್ರು ಮೈಕಿನಲ್ಲೇ ಹೇಳಿದರು: "ಅವನು ಮಾಡುದಿಲ್ಲ. ಆ ಸ್ವರದ ಕಾಲ ಮುಗೀತು ಅಂತ ಹೇಳಿದವನು ನಾನು. ಮನುಷ್ಯನ ಹಾಗೆ ಮಾತಾಡು ಅಂತ ಅಂದೆ. ತಪ್ಪಾಯ್ತು ಇಬ್ರಾಯಿ. ಎಲ್ಲರ ಮುಂದೆ ಹೇಳ್ತೇನೆ, ತಪ್ಪಾಯ್ತು." ಅವರು ಕೈ ಮುಗಿದರು. ಶೆಟ್ರು ಯಾರಿಗಾದರೂ ಕೈ ಮುಗಿದದ್ದನ್ನು ನಾವಾರೂ ಕಂಡವರಲ್ಲ. 

ಇಬ್ರಾಯಿಚ್ಚ ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು. "ಅದಕ್ಕಲ್ಲ ಶೆಟ್ರೇ, ಅದಕ್ಕಲ್ಲ. ಒಳಗೆ ಬನ್ನಿ, ಹೇಳ್ತೇನೆ."

ಗ್ರೀನ್ ರೂಮ್ ಎಂದರೆ ಮಕ್ಕಳ ಡ್ರಾಯಿಂಗ್ ಕ್ಲಾಸು. ಪುಟ್ಟ ಕುರ್ಚಿಗಳು. ಅರ್ಧ ಬಣ್ಣ ಒರೆಸಿದ ನರ್ಸುಗಳು, ಪ್ರೆಸಿಲ್ಲಾ, ಶೆಟ್ರು, ದಿನೇಶ್, ನಾನು. ಇಬ್ರಾಯಿಚ್ಚ ಕೂರಲಿಲ್ಲ.

"ಆ ದಿನ ಟ್ರಕ್ಕುಗಳು ಸಾಲಾಗಿ ನಿಂತಿದ್ದವು. ಮುಂದೆ ಬಿಡುದಿಲ್ಲ, ಹಿಂದೆ ತಿರುಗಿಸ್ಲಿಕ್ಕೆ ಜಾಗ ಇಲ್ಲ. ನನ್ನ ಹಿಂದಿನ ಗಾಡಿ ರಶೀದನದ್ದು. ಪಾಕಿಸ್ತಾನದವ, ಮುಲ್ತಾನಿನ ಕಡೆ. ಅದೇ ರೂಟಿನಲ್ಲಿ ಬಹಳ ವರ್ಷದ ಗುರ್ತ. ಎರಡನೇ ದಿನ ಅವನಿಗೆ ಎದೆನೋವು ಬಂತು. ನೀರು ಕೊಟ್ಟೆ, ಎಸಿ ಹಾಕಿ ನನ್ನ ಕ್ಯಾಬಿನಿನಲ್ಲಿ ಮಲಗಿಸಿದೆ. ಆಂಬ್ಯುಲೆನ್ಸಿಗೆ ಹೇಳಿ ಕಳಿಸಿದೆವು. ಅದು ಬರುವ ಮೊದಲೇ ಅವನಿಗೆ ಕಣ್ಣು ಕಾಣದ ಹಾಗಾಯ್ತು. ನನ್ನ ಕೈ ಹಿಡಿದು, ಅಮ್ಮೀ, ಅಮ್ಮೀ ಅಂತ. ಅಮ್ಮೀ ಬಂದಿಯಾ ಅಂತ ಕೇಳಿದ. ಕೇಳ್ತಾನೇ ಇದ್ದ."

ಇಬ್ರಾಯಿಚ್ಚ ಶೆಟ್ರ ಕಡೆ ತಿರುಗಿದರು. "ನಾನು ಯೋಚನೆ ಮಾಡ್ಲಿಲ್ಲ ಶೆಟ್ರೇ. ಆ ಸ್ವರ ಅದಾಗಿಯೇ ಬಂತು. ಬಂದೆ ಮಗನೇ ಅಂದೆ. ಅವನು ನಂಬಿದ. ತಲೆ ಸವರಿದೆ, ಮಾತಾಡಿದೆ. ಅವನು ಹೋಗುವ ತನಕ ನಾನು ಅವನ ತಾಯಿ. ಇಷ್ಟು ವರ್ಷ ಆ ಸ್ವರಕ್ಕೆ ಜನ ನಕ್ಕಿದ್ದಾರೆ. ಇನ್ನು ಅದನ್ನು ನಗಿಸ್ಲಿಕ್ಕೆ ತೆಗೀಲಿಕ್ಕೆ ನನ್ನಿಂದ ಆಗುದಿಲ್ಲ."

 ನಾವು ಸಲ್ವಾ ರಸ್ತೆಯಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದ ಹೊತ್ತು, ಆ ಅಲುಗುವ ಚಾವಣಿಯ ಆಚೆ ಇದು ನಡೆಯುತ್ತಿತ್ತು. ಶೆಟ್ರು ಮಕ್ಕಳ ಕುರ್ಚಿಯ ಮೇಲೆ ಕುಸಿದು ಕೂತರು.

"ಆ ತಾಯಿ ಬದುಕಿದ್ದಾಳೆ," ಎಂದರು ಇಬ್ರಾಯಿಚ್ಚ. "ಸುದ್ದಿ ಹೇಳಿದವ ನಾನೇ. ಈಗ ಅವಳು ನನಗೆ ಫೋನ್ ಮಾಡ್ತಾಳೆ. ಮಗ ಕಡೆಗೆ ಎಂತ ಹೇಳಿದ ಅಂತ ಕೇಳ್ತಾಳೆ. ನಾನು ಪ್ರತೀ ಸಲ ಎಂತದೋ ಹೇಳಿ ತಪ್ಪಿಸ್ತೇನೆ. ಅವಳ ಜಾಗದಲ್ಲಿ ನಾನು ನಿಂತೆ. ಅವಳ ಹೆಸರಲ್ಲಿ ಅವಳ ಮಗನಿಗೆ ಸುಳ್ಳು ಹೇಳಿದೆ. ಅದನ್ನು ಅವಳಿಗೆ ಹೇಳ್ಬೇಕಾ, ಬೇಡವಾ? ಊರಲ್ಲಿ ಕೇಳಿದರೆ ನಗ್ತಾರೆ. ವೇಷ ಹಾಕುದು ಅಂದರೆ ಎಂತ ಅಂತ ಗೊತ್ತಿದ್ದವರು ನೀವೇ. ಅದಕ್ಕೇ ಬಂದೆ."

ನಾಟಕದ ಯಾವ ಗಂಟನ್ನಾದರೂ ಬಿಡಿಸುತ್ತಿದ್ದವರು ಶೆಟ್ರು. ಈ ಸಲ ಮಾತಾಡಿದವಳು ಪ್ರೆಸಿಲ್ಲಾ.

"ಹೇಳಿ ಇಬ್ರಾಯಿಚ್ಚ. ಮಗ ಒಬ್ಬನೇ ಹೋದ ಅಂತ ಅವಳು ದಿನಾ ಅಳ್ತಿರ್ತಾಳೆ. ಒಬ್ಬನೇ ಹೋಗ್ಲಿಲ್ಲ ಅಂತ ಹೇಳಿ."

"ಸಿಟ್ಟು ಮಾಡಿದರೆ?"

"ಮಾಡ್ಲಿ. ಮಾಡುವ ಹಕ್ಕು ಅವಳಿಗೆ ಉಂಟು."

 ಇಬ್ರಾಯಿಚ್ಚ ಜೇಬಿನಿಂದ ಫೋನ್ ತೆಗೆದು ನಂಬರ್ ಒತ್ತಿದರು. ಪ್ರೆಸಿಲ್ಲಾ ಅದನ್ನು ತೆಗೆದುಕೊಂಡು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಆ ಕಡೆ ಕೋಳಿಗಳ ಸದ್ದು, ಒಬ್ಬ ಹುಡುಗನ ಕೂಗು, ಆಮೇಲೆ ಮುದಿ ಹೆಂಗಸಿನ ದನಿ. ಇಬ್ರಾಯಿಚ್ಚ ಉರ್ದುವಿನಲ್ಲಿ, ತಡೆದು ತಡೆದು, ಒಂದನ್ನೂ ಬಿಡದೆ ಹೇಳಿದರು. ಕಣ್ಣು ಕಾಣದಾದದ್ದು, ಅಮ್ಮೀ ಎಂದದ್ದು, ತಾವು ಓಗೊಟ್ಟದ್ದು. "ಮಾಫ್ ಮಾಡಿ ತಾಯಿ" ಎಂದು ನಿಲ್ಲಿಸಿದರು.

 ಫೋನ್ ಕಡಿದುಹೋಯಿತೆಂದೇ ನಾನು ತಿಳಿದೆ. ಆಮೇಲೆ ಆಕೆ ಕೇಳಿದಳು:

"ನಾನು ಅವನಿಗೆ ಏನು ಹೇಳಿದೆ?"

ಅರ್ಥವಾಗಲು ನಮಗೆ ಒಂದು ಕ್ಷಣ ಬೇಕಾಯಿತು. ಒಬ್ಬ ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಇಬ್ರಾಯಿಚ್ಚ ತಮ್ಮ ಗಂಡು ದನಿಯಲ್ಲಿ ಹೇಳಲು ಶುರು ಮಾಡಿದರು. ಆಕೆ ತಡೆದಳು. "ಹಾಗಲ್ಲ. ಅವನಿಗೆ ಕೇಳಿಸಿದ ಹಾಗೆ ಹೇಳು."

ಇಬ್ರಾಯಿಚ್ಚ ಶೆಟ್ರ ಕಡೆ ನೋಡಿದರು. ಬಣ್ಣದ ಮೇಲೆ ಕಣ್ಣೀರಿಳಿದು ಶೆಟ್ರ ಮುಖ ಗೆರೆಗೆರೆಯಾಗಿತ್ತು. ಅವರು ಹೂಂ ಎಂದು ತಲೆಯಾಡಿಸಿದರು. ಇಬ್ರಾಯಿಚ್ಚ ನಮಗೆ ಬೆನ್ನು ಹಾಕಿ ಮೇಜಿನ ಮೇಲೆ ಬಾಗಿದರು. ಆ ಸ್ವರ ಬಂತು, ಎದೆಯಿಂದ, ಸ್ವಲ್ಪ ಒಡಕಾಗಿ.

"ಬಂದೆ ಮಗನೇ. ಇಲ್ಲೇ ಇದ್ದೇನೆ. ದಣಿದಿದ್ದೀಯ, ಕಣ್ಣು ಮುಚ್ಚು. ಗಾಡಿ ಯಾರಾದರೂ ನೋಡಿಕೊಳ್ಳುತ್ತಾರೆ. ನೀನು ಮನೆಗೆ ಬಂದಾಯಿತು."

ಆ ಕಡೆ ಮುದುಕಿ ದೀರ್ಘವಾಗಿ ಉಸಿರು ಬಿಟ್ಟಳು.

"ಹೌದು," ಎಂದಳು. "ನಾನಾಗಿದ್ದರೂ ಹಾಗೆಯೇ ಹೇಳುತ್ತಿದ್ದೆ."